ವೀಲ್‌ಚೇರ್ ಜೊತೆ ಮುಂಬೈ: ಮೆಟ್ರೊನಾ ಟ್ಯಾಕ್ಸಿನಾ, ಮಾಟುಂಗಾನಾ ಮಾಲಾ?

ಮೊದಲೇ ಹೇಳಿಬಿಡುತ್ತೇನೆ: ಓಡಾಟಕ್ಕೆ ನನ್ನ ಓಟು ಮೆಟ್ರೊಗೆ, ತಿಂಡಿಗೆ ಉಡುಪಿ ಹೋಟೆಲುಗಳಿರುವ ಮಾಟುಂಗಾಕ್ಕೆ. ಹುಬ್ಬಳ್ಳಿಯಿಂದ ಬಂದ ನಮ್ಮ ಅತ್ತೆ ಕೈ ಹಿಡಿದರೆ ನಾಲ್ಕು ಹೆಜ್ಜೆ ಇಡುತ್ತಾರೆ, ಮಿಕ್ಕಿದ್ದೆಲ್ಲ ವೀಲ್‌ಚೇರಿನಲ್ಲೇ. ಅಷ್ಟೂ ನಡೆಯಲಾಗದವರ ಲೆಕ್ಕ ಬೇರೆಯಾದೀತು.

ಲೋಕಲ್ ರೈಲನ್ನು ಲೆಕ್ಕಕ್ಕೇ ಹಿಡಿಯಲಿಲ್ಲ. ದಿವ್ಯಾಂಗರ ಡಬ್ಬಿ ಇದೆ, ನಿಜ. ಆದರೆ ರೈಲು ನಿಲ್ಲುವುದು ಅರ್ಧ ನಿಮಿಷ, ಪ್ಲಾಟ್‌ಫಾರ್ಮಿಗೂ ಬಾಗಿಲಿಗೂ ನಡುವೆ ಸಂದು ಬೇರೆ. ಆಟೊ ಬಾಂದ್ರಾ, ಸಾಯನ್ ದಾಟಿ ದಕ್ಷಿಣಕ್ಕೆ ಬರುವುದೇ ಇಲ್ಲ.

ಕಾಲೀ-ಪೀಲಿ, ಅಂದರೆ ಕಪ್ಪು-ಹಳದಿ ಟ್ಯಾಕ್ಸಿ ಮನೆ ಬಾಗಿಲಿಗೇ ಬರುತ್ತದೆ. ತೊಂದರೆ ಇರುವುದು ಡಿಕ್ಕಿಯಲ್ಲಿ: ಅಲ್ಲಿ ಸಿಎನ್‌ಜಿ ಸಿಲಿಂಡರ್ ಮಲಗಿರುತ್ತದೆ. ಮಡಚಿದ ಕುರ್ಚಿ ಮೇಲಿನ ಕ್ಯಾರಿಯರ್‌ಗೆ, ಇಲ್ಲವೇ ಡ್ರೈವರ್ ಪಕ್ಕದ ಸೀಟಿಗೆ. ಪ್ರತಿ ಸಲ ಬ್ರೇಕ್ ಹಾಕು, ಫುಟ್‌ರೆಸ್ಟ್ ಮಡಚು, ಅತ್ತೆಯವರನ್ನು ತಿರುಗಿಸಿ ಕೂರಿಸು, ಆಮೇಲೆ ಹಗ್ಗ ಕಟ್ಟು. ಅಷ್ಟರಲ್ಲಿ ಹಿಂದಿನವರ ಹಾರ್ನ್ ಶುರು.

ಆರೆಯಿಂದ ಕಫ್ ಪರೇಡ್‌ಗೆ ನೆಲದಡಿ ಹೋಗುವ ಮೆಟ್ರೊ, ಆಕ್ವಾ ಲೈನ್, 2025ರ ಅಕ್ಟೋಬರಿನಲ್ಲಿ ಪೂರ್ತಿ ಶುರುವಾಯಿತು. ಅಲ್ಲಿ ಈ ಗೋಳಿಲ್ಲ. ಅಗಲದ ಗೇಟು, ಲಿಫ್ಟು, ಪ್ಲಾಟ್‌ಫಾರ್ಮಿನ ಮಟ್ಟಕ್ಕೇ ಬೋಗಿಯ ನೆಲ. ಕುರ್ಚಿ ಸೀದಾ ಒಳಗೆ. ಲಿಫ್ಟ್ ಯಾವ ದ್ವಾರದಲ್ಲಿದೆ ಅಂತ ಮಾತ್ರ ಮೊದಲೇ ಕೇಳಿಕೊಳ್ಳಿ. ಮೇಲೆ ಬಂದರೆ ಫುಟ್‌ಪಾತ್. ಅದರ ಬಗ್ಗೆ ಮಾತಾಡದಿರುವುದೇ ವಾಸಿ. ದಾದರ್‌ನಿಂದ ಮಾಟುಂಗಾಕ್ಕೆ ಮತ್ತೆ ಟ್ಯಾಕ್ಸಿಯನ್ನೇ ಹಿಡಿದೆವು.

ಅಲ್ಲಿನ ಉಡುಪಿ ಹೋಟೆಲಿನ ಬಾಗಿಲಲ್ಲಿ ಎರಡು ಮೆಟ್ಟಿಲು. ಒಂದಡಿ ಎತ್ತರಕ್ಕೆ ಸರಿಯಾದ ರ‍್ಯಾಂಪ್ ಅಂದರೆ ಹನ್ನೆರಡು ಅಡಿ ಉದ್ದ ಬೇಕು, ಆ ರಸ್ತೆಯಲ್ಲಿ ಜಾಗ ಎಲ್ಲಿದೆ? ಇಬ್ಬರು ಮಾಣಿಗಳು ಬಂದು ಕುರ್ಚಿಯನ್ನು ಹಿಂದುಮುಂದಾಗಿ ತಿರುಗಿಸಿ, ದೊಡ್ಡ ಗಾಲಿಯ ಮೇಲೆ ಒಂದೊಂದೇ ಮೆಟ್ಟಿಲು ಎಳೆದುಕೊಂಡರು. "ಅಮ್ಮಾ, ಗಟ್ಟಿ ಹಿಡ್ಕೊಳ್ಳಿ" ಅಂತ ಕನ್ನಡದಲ್ಲೇ. ಮೂಲೆ ಟೇಬಲ್ಲಿನ ಕುರ್ಚಿ ತೆಗೆದು ಜಾಗ ಮಾಡಿಕೊಟ್ಟರು. ಮಧ್ಯಾಹ್ನ ಮೂರರ ಮೇಲೆ ಹೋಗಿದ್ದಕ್ಕೆ ಇಷ್ಟು ಉಪಚಾರ. ಭಾನುವಾರ ಬೆಳಿಗ್ಗೆಯಾದರೆ ಕ್ಯೂ ರಸ್ತೆಗೇ ಬಂದಿರುತ್ತದೆ.

ಮಾಲ್‌ನ ಫುಡ್‌ಕೋರ್ಟಿನಲ್ಲಿ ಯಾರ ಕೈಯೂ ಬೇಡ. ಎತ್ತಿಸಿಕೊಳ್ಳಲು ಸಂಕೋಚಪಡುವವರಿಗೆ ಅದೇ ಸರಿ. ಆದರೆ ಅಲ್ಲಿ ಸೀಟುಗಳನ್ನು ಟೇಬಲ್ಲಿಗೇ ಬೋಲ್ಟ್ ಹಾಕಿ ಕೂರಿಸಿದ್ದರು. ಕುರ್ಚಿ ಸರಿಸಿ ಜಾಗ ಮಾಡಲಾಗದೆ ವೀಲ್‌ಚೇರನ್ನು ಹೊರಗೇ ನಿಲ್ಲಿಸಿದೆವು, ಅದು ಜನ ಓಡಾಡುವ ದಾರಿಗೆ ಅಡ್ಡ ಆಯಿತು. ದೋಸೆ ಬಗ್ಗೆ ಕೇಳಲೇಬೇಡಿ.

ಟಾಯ್ಲೆಟ್ ವಿಷಯದಲ್ಲಿ ಮಾತ್ರ ಮಾಲ್‌ಗೇ ಜಯ. ಹೋಟೆಲಿನ ಟಾಯ್ಲೆಟ್ಟಿನೊಳಗೆ ಕುರ್ಚಿ ನುಗ್ಗುವುದೇ ಇಲ್ಲ. ಮಾಲ್‌ನಲ್ಲಿ ಅಗಲದ ಬಾಗಿಲು, ಗೋಡೆಗೆ ಹಿಡಿಕೆ ಎಲ್ಲ ಇತ್ತು. ಒಳಗೆ ಮಾಪು, ಬಕೆಟ್ಟು ಪೇರಿಸಿದ್ದರು, ಹೇಳಿದ ಮೇಲೆ ತೆಗೆದರು. ಹಾಗಾಗಿ ಈಗ ನಮ್ಮ ಕ್ರಮ ಇದು: ಮೊದಲು ಮಾಲ್‌ನ ಟಾಯ್ಲೆಟ್, ಆಮೇಲೆ ಮಾಟುಂಗಾದ ಕಾಫಿ.