ಉದ್ದ ಹೋಗುವ ಚೆಂಡಿನ ಭಯ ಬಿಡಿಸಿದ ಬಲೆ

ಬಾಸ್ಕೆಟ್‌ಬಾಲ್ ಬೋರ್ಡಿನ ಸುತ್ತ ಕಟ್ಟುವ ಬಲೆ ನಮ್ಮ ಹಿತ್ತಲಿಗೆ ಬಂದು ಇದು ಎರಡನೇ ಮಳೆಗಾಲ. ಚೆಂಡು ಹುಡುಕಿಕೊಂಡು ಓಡುವುದು ತಪ್ಪಲಿ ಅಂತ ತಂದೆವು. ಅದು ತಪ್ಪಿತು. ಅದರ ಜೊತೆಗೆ ಮಗಳ ಶಾಟೇ ಬದಲಾಯಿತು. ಡಬ್ಬದ ಮೇಲೆ ಎಲ್ಲೂ ಬರೆಯದ ಈ ಲಾಭವನ್ನು ಹೇಳಲೇಬೇಕು ಅನ್ನಿಸಿತು. ಜೊತೆಗೆ ಒಂದು ದೂರೂ ಇದೆ, ಸಣ್ಣದಲ್ಲ.

ನಮ್ಮ ಮನೆ ಮೈಸೂರಿನ ಸರಸ್ವತಿಪುರಂನಲ್ಲಿ. ಹಳೇ ಕಾಲದ ಸೈಟು, ಹಿತ್ತಲು ಉದ್ದಕ್ಕಿದೆ. ಕಾಂಪೌಂಡಿನ ಆಚೆ ಕನ್ಸರ್ವೆನ್ಸಿ ಗಲ್ಲಿ, ಅಂದರೆ ಮನೆಗಳ ಹಿಂಬದಿಯ ಓಣಿ. ಇಲ್ಲಿನ ಹಳೇ ಬಡಾವಣೆಗಳಲ್ಲಿ ಬೆಳೆದವರಿಗೆ ಅದನ್ನು ವಿವರಿಸಬೇಕಾಗಿಲ್ಲ. ಮೋರಿ, ಕಳೆ, ಒಡೆದ ಬಾಟಲಿ, ಮಲಗಿದ ನಾಯಿ. ಕಂಬ ನೆಡಲು ಜಾಗ ಸಿಕ್ಕಿದ್ದು ಆ ಕಾಂಪೌಂಡಿನ ಪಕ್ಕದಲ್ಲೇ. ಹಾಗಾಗಿ ಬೋರ್ಡಿನ ಮೇಲಿಂದ ಹಾರಿದ ಚೆಂಡು ನೇರ ಮೋರಿಗೆ. ಆಮೇಲೆ ಮುಂದಿನ ಗೇಟಿನಿಂದ ಹೊರಟು, ರಸ್ತೆ ಸುತ್ತಿ ಗಲ್ಲಿಗೆ ಹೋಗಿ, ಕೋಲು ಹಾಕಿ ಎಳೆದು, ಮನೆಗೆ ತಂದು ಸೋಪಿನಲ್ಲಿ ತೊಳೆದು ಒಣಗಿಸಬೇಕು. ಕಾಂಪೋಸಿಟ್ ಲೆದರ್ (ಕೃತಕ ಚರ್ಮ) ಚೆಂಡು ಪದೇ ಪದೇ ನೀರು ಕುಡಿದರೆ ಕೈಗೆ ಹಿಡಿತವೇ ಸಿಗುವುದಿಲ್ಲ. ರಬ್ಬರ್ ಚೆಂಡು ತಡೆದುಕೊಳ್ಳುತ್ತದೆ, ಆದರೆ ಶಾಲೆಯ ಮ್ಯಾಚಿನಲ್ಲಿ ಆಡುವುದು ಕಾಂಪೋಸಿಟ್ ಚೆಂಡಿನಲ್ಲೇ. ಮನೆಯಲ್ಲೂ ಅದರಲ್ಲೇ ಕೈ ಪಳಗಬೇಕು, ಅಲ್ವಾ?

ಅಳತೆ, ತೂಕ ಎಲ್ಲ ಡಬ್ಬದ ಮೇಲಿದೆ, ಬಿಡಿ. ಬೋರ್ಡಿನ ಹಿಂದೆ ಕ್ಲಾಂಪ್ ಹಾಕಿ ಕಬ್ಬಿಣದ ತೋಳುಗಳನ್ನು ಕೂರಿಸುತ್ತಾರೆ. ಅವಕ್ಕೆ ಬಲೆ ಸಿಕ್ಕಿಸಿದರೆ ಹಿಂದೆ ಒಂದು ಗೋಡೆ, ಎಡಕ್ಕೂ ಬಲಕ್ಕೂ ಒಂದೊಂದು ರೆಕ್ಕೆ, ಕೆಳಗಡೆ ಮುಂದಕ್ಕೆ ಇಳಿಜಾರು. ತಪ್ಪಿದ ಚೆಂಡು ಬಲೆಗೆ ಬಡಿದು, ಇಳಿಜಾರಿನಲ್ಲಿ ಉರುಳಿ, ಶಾಟ್ ಹೊಡೆದವರ ಕಡೆಗೇ ಬರುತ್ತದೆ. ರಿಂಗನ್ನು ಸುತ್ತಲೂ ಬಲೆಯಿಂದ ಮುಚ್ಚಿ, ಚೆಂಡು ಹಿಡಿದು, ಮೋಟಾರಿನಿಂದ ಕೈಗೇ ಪಾಸ್ ಕೊಡುವ ಮಷೀನುಗಳೂ ಇವೆ. ಅವು ಲಕ್ಷಗಳ ಮಾತು, ಕ್ಲಬ್ಬು ಕಾಲೇಜುಗಳಿಗೆ ಸರಿ. ನಾನು ಕೊಟ್ಟದ್ದು ಹನ್ನೊಂದು ಸಾವಿರ ಚಿಲ್ಲರೆ. ಸಂಬಳದ ಮನೆಗೆ ಅದೂ ಕಡಿಮೆ ದುಡ್ಡಲ್ಲ.

ಈಗ ಶಾಟಿನ ವಿಷಯ.

ಮಗಳು ಹೈಸ್ಕೂಲ್ ತಂಡದಲ್ಲಿ ಆಡುತ್ತಾಳೆ. ಅವಳ ಶಾಟುಗಳು ಯಾವಾಗಲೂ ಶಾರ್ಟ್. ರಿಂಗಿನ ಮುಂದಿನ ಅಂಚಿಗೆ ಬಡಿದು ವಾಪಸ್. ಕೋಚ್ ಹೇಳುತ್ತಿದ್ದರು, ಕಾಲಿನ ಬಲ ಬರಬೇಕು, ಮೊಣಕಾಲು ಬಗ್ಗಿಸಬೇಕು ಅಂತ. ಅವಳು ಬಗ್ಗಿಸುತ್ತಿದ್ದಳು. ಆದರೂ ಶಾರ್ಟ್. ಬೆಳಿಗ್ಗೆ ನಾನು ಅಡುಗೆಮನೆಯಲ್ಲಿ ಕಾಫಿ ಡಿಕಾಕ್ಷನ್ ಇಳಿಯುವುದನ್ನು ಕಾಯುತ್ತಾ ನಿಂತರೆ ಹಿತ್ತಲಿನ ಸದ್ದಿನಲ್ಲೇ ಎಲ್ಲ ಗೊತ್ತಾಗುತ್ತದೆ. ಮುಂದಿನ ಅಂಚಿಗೆ ಬಡಿದರೆ ತೆಳ್ಳಗೆ ಟಣ್ ಅನ್ನುತ್ತದೆ. ಹಿಂದಿನ ಅಂಚಿಗೆ ಬಡಿದರೆ ಬೋರ್ಡೂ ಅಲುಗಿ ದಪ್ಪ ಸದ್ದು ಬರುತ್ತದೆ. ನಮ್ಮ ಹಿತ್ತಲಲ್ಲಿ ಕೇಳುತ್ತಿದ್ದದ್ದು ಬರೀ ತೆಳ್ಳನೆ ಸದ್ದು.

ಬಲೆ ಕಟ್ಟಿ ಕೆಲವು ವಾರಗಳಲ್ಲೇ ಸದ್ದು ಬದಲಾಯಿತು. ದಪ್ಪ ಸದ್ದು ಜಾಸ್ತಿಯಾಯಿತು. ಅದರ ಜೊತೆಗೆ ರಿಂಗಿನ ನೆಟ್ಟಿನಲ್ಲಿ ಚೆಂಡು ಸುರ್ ಅಂತ ಇಳಿಯುವ ಸದ್ದೂ ಜಾಸ್ತಿಯಾಯಿತು. ಏನಮ್ಮಾ ಮಾಡಿದೆ ಅಂತ ಕೇಳಿದೆ. "ಉದ್ದ ಹೋದ್ರೆ ಮೋರಿಗೆ ಬೀಳತ್ತೆ ಅಂತ ಕೈ ತಾನೇ ಹಿಡಿದುಬಿಡ್ತಿತ್ತು ಅಪ್ಪ. ಈಗ ಹಿಡಿಯಲ್ಲ" ಅಂದಳು.

ಆ ಮಾತು ನನಗೆ ತುಂಬ ನಾಟಿತು. ಇಕ್ಕಟ್ಟಿನ ಜಾಗದಲ್ಲಿ ಆಡಿ ಬೆಳೆದ ಮಗುವಿಗೆ ಎರಡು ಬಗೆಯ ತಪ್ಪುಗಳಿಗೆ ಎರಡು ಬೆಲೆ. ಶಾರ್ಟ್ ಆದರೆ ಚೆಂಡು ಕಾಲ ಬಳಿಯೇ ಬರುತ್ತದೆ, ಏನೂ ನಷ್ಟವಿಲ್ಲ. ಉದ್ದ ಹೋದರೆ ಗೇಟು, ಗಲ್ಲಿ, ಮೋರಿ, ಸೋಪು, ಮೇಲೆ ಶಾಲೆಗೆ ತಡ. ಕೈ ಯಾವ ತಪ್ಪನ್ನು ಆರಿಸಿಕೊಳ್ಳುತ್ತದೆ? ಯಾರೂ ಹೇಳಿಕೊಡದೆ ಶಾರ್ಟ್ ಹೊಡೆಯುವುದನ್ನು ಕಲಿತುಬಿಡುತ್ತದೆ. ಊರಿನಲ್ಲಿ ಮನೆ ಹಿತ್ತಲು, ಟೆರೇಸು, ರಸ್ತೆ ಬದಿಯಲ್ಲಿ ಆಡುವ ಎಷ್ಟು ಮಕ್ಕಳು ಹೀಗೆ ಕಲಿತಿದ್ದಾರೋ. ಬಲೆ ಬಂದ ಮೇಲೆ ಎರಡೂ ತಪ್ಪುಗಳ ಬೆಲೆ ಒಂದೇ ಆಯಿತು.

ಇದಕ್ಕೆ ಲೆಕ್ಕದ ಆಧಾರವೂ ಇದೆ. ಅಮೆರಿಕದ ನಾರ್ತ್ ಕೆರೊಲಿನಾ ಸ್ಟೇಟ್ ಯೂನಿವರ್ಸಿಟಿಯ ಟ್ರಾನ್ ಮತ್ತು ಸಿಲ್ವರ್‌ಬರ್ಗ್ 2008ರಲ್ಲಿ ಫ್ರೀ ಥ್ರೋ, ಅಂದರೆ ಯಾರೂ ಅಡ್ಡ ಬರದೆ ಗೆರೆಯ ಹಿಂದೆ ನಿಂತು ಹೊಡೆಯುವ ಶಾಟಿನ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿದರು. ಕಂಪ್ಯೂಟರಿನಲ್ಲಿ ಶಾಟುಗಳನ್ನು ಹೊಡೆಸಿ ನೋಡಿ ಅವರು ಹೇಳಿದ್ದು ಇಷ್ಟು: ಚೆಂಡು ಸುಮಾರು 52 ಡಿಗ್ರಿ ಕೋನದಲ್ಲಿ ಮೇಲೇಳಲಿ, ಸೆಕೆಂಡಿಗೆ ಮೂರು ಸುತ್ತಿನಷ್ಟು ಹಿಮ್ಮುಖವಾಗಿ ತಿರುಗಲಿ, ಗುರಿ ರಿಂಗಿನ ಹಿಂದಿನ ಭಾಗದ ಕಡೆ ಇರಲಿ. ಅವರ ಲೆಕ್ಕ ಗಂಡಸರ ಆಟದ್ದು. ಆದರೆ ಕಾರಣ ಎಲ್ಲರಿಗೂ ಒಂದೇ. ರಿಂಗಿನ ಅಡ್ಡಳತೆ 45 ಸೆಂಟಿಮೀಟರ್. ಹುಡುಗಿಯರು ಆಡುವ 6ನೇ ಸೈಜಿನ ಚೆಂಡು ಸುಮಾರು 23. ಮುಂದಿನ ಅಂಚಿಗೆ ಬಡಿದ ಚೆಂಡು ಸಾಮಾನ್ಯವಾಗಿ ಹೊರಗೇ ಹೋಗುತ್ತದೆ. ಸ್ವಲ್ಪ ಉದ್ದ ಹೋದದ್ದಕ್ಕೆ ಬೋರ್ಡಿನ ಆಸರೆ ಇದೆ. ಹಿಮ್ಮುಖವಾಗಿ ತಿರುಗುತ್ತಿದ್ದರೆ ಬಡಿದಾಗ ವೇಗ ಕಳೆದುಕೊಂಡು ಒಳಗೇ ಇಳಿಯಬಹುದು. ಅಂದರೆ ಉದ್ದ ಹೊಡೆಯುವ ಧೈರ್ಯ ಬೇಕು. ಆ ಧೈರ್ಯಕ್ಕೆ ನಮ್ಮ ಮನೆಯಲ್ಲಿ ಅಡ್ಡ ನಿಂತಿದ್ದದ್ದು ಮೋರಿ.

ಇನ್ನೊಂದು ಲಾಭ ಪಕ್ಕದಿಂದ ಹೊಡೆಯುವ ಶಾಟಿನದು. ಬೇಸ್‌ಲೈನ್, ಅಂದರೆ ಬೋರ್ಡಿನ ಹಿಂದಿನ ಗೆರೆಯ ಹತ್ತಿರ ನಿಂತು ಹೊಡೆದರೆ ತಪ್ಪಿದ ಚೆಂಡು ಬಹಳ ಸಲ ರಿಂಗ್ ದಾಟಿ ಎದುರು ಬದಿಗೆ ಹೋಗುತ್ತದೆ. ನಮ್ಮಲ್ಲಿ ಎದುರು ಬದಿ ಅಂದರೆ ಪಕ್ಕದ ಮನೆಯವರ ಗುಲಾಬಿ ಕುಂಡಗಳು. ಆ ಜಾಗದಿಂದ ಹೊಡೆಯುವುದನ್ನೇ ಅವಳು ಬಿಟ್ಟಿದ್ದಳು. ಈಗ ರೆಕ್ಕೆ ಅದನ್ನು ತಡೆಯುತ್ತದೆ. ಎಲ್ಲವನ್ನೂ ಅಲ್ಲ, ಜೋರಾಗಿ ಬಡಿದದ್ದು ರೆಕ್ಕೆಯ ಅಂಚು ದಾಟುತ್ತದೆ. ರೆಕ್ಕೆ ಇನ್ನೊಂದು ಅಡಿ ಉದ್ದ ಇರಬೇಕಿತ್ತು.

ಬೆಳಗಿನ ಕೆಲಸ ನನ್ನದು. ಬಲೆಯ ಕೆಳಗಿನ ಅಂಚನ್ನು ರಾತ್ರಿ ಮೇಲಕ್ಕೆ ಎತ್ತಿ ಕಟ್ಟಿರುತ್ತೇನೆ. ಬೆಳಿಗ್ಗೆ ಹಗ್ಗ ಬಿಚ್ಚಿ, ಇಳಿಜಾರು ಸರಿಮಾಡಿ, ಒಂದು ಸಲ ಅಲುಗಿಸಿ ಇಬ್ಬನಿ ಉದುರಿಸುತ್ತೇನೆ. ಬಿಗಿ ನೋಡುವುದು ಮುಖ್ಯ. ತೀರಾ ಬಿಗಿಯಾದರೆ ಚೆಂಡು ಪುಟಿದು ಮುಖಕ್ಕೇ ಬರುತ್ತದೆ. ತೀರಾ ಸಡಿಲವಾದರೆ ಬಲೆ ಜೋಳಿಗೆಯ ಹಾಗೆ ಜೋತು ಚೆಂಡು ಅಲ್ಲೇ ಕೂರುತ್ತದೆ, ಬಿದಿರು ಕೋಲಿನಿಂದ ತಿವಿಯಬೇಕು. ಅಂಗೈಯಿಂದ ಒತ್ತಿದರೆ ಒಂದು ಗೇಣು ಒಳಗೆ ಹೋಗಬೇಕು. ಅದು ನಮ್ಮ ಮನೆಯ ಅಳತೆ. ಆಮೇಲೆ ಚೆಂಡನ್ನು ತಲೆಯೆತ್ತರದಿಂದ ಬಿಟ್ಟು ಗಾಳಿ ಸರಿಯಿದೆಯೇ ನೋಡಿ ಅವಳ ಕೈಗೆ ಕೊಡುತ್ತೇನೆ.

ಕಂಬದ ಮೇಲೆ ಸಂಪಿಗೆ ಮರದ ಕೊಂಬೆ ಚಾಚಿದೆ. ಹೂ ಬಿಡುವ ತಿಂಗಳುಗಳಲ್ಲಿ ಬೆಳಿಗ್ಗೆ ಬಲೆಯಲ್ಲಿ ನಾಲ್ಕಾರು ಸಂಪಿಗೆ ಸಿಕ್ಕಿರುತ್ತವೆ. ನೆಲಕ್ಕೆ ಬಿದ್ದ ಸಂಪಿಗೆಯನ್ನು ನನ್ನ ಅಮ್ಮ ದೇವರಿಗೆ ಇಡುವುದಿಲ್ಲ. ಬಲೆಯಲ್ಲಿ ನಿಂತದ್ದು ನೆಲ ಮುಟ್ಟಿಲ್ಲವಲ್ಲ, ಅದಾಗುತ್ತದೆ ಅನ್ನುತ್ತಾರೆ. ಮೊದಲು ಈ ಬಲೆ ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಹಿತ್ತಲಿನ ಅಂದ ಕೆಟ್ಟಿತು ಅಂತಿದ್ದರು. ಈಗ ಹಗ್ಗ ಬಿಚ್ಚುವ ಮೊದಲು ಹೂ ತೆಗೆಯಿರೋ ಅಂತ ಅವರೇ ಕೂಗುತ್ತಾರೆ.

ಇಲ್ಲಿಯವರೆಗೆ ಓದಿ ದುಡ್ಡು ಕಟ್ಟಲು ಹೋಗಬೇಡಿ. ಆಷಾಢದ ಕಥೆ ಕೇಳಿ.

ಆಷಾಢ ಶುಕ್ರವಾರಗಳಂದು ಚಾಮುಂಡಿ ಬೆಟ್ಟಕ್ಕೆ ಜನ ಸಾಲುಗಟ್ಟುವ ಹೊತ್ತಿಗೆ ಮೈಸೂರಿನಲ್ಲಿ ಗಾಳಿ ಹೇಗಿರುತ್ತದೆ ಅಂತ ಗೊತ್ತಲ್ಲ. ಹಗಲೂ ರಾತ್ರಿ ಪಶ್ಚಿಮದಿಂದ ಬೀಸುತ್ತದೆ. ಇಷ್ಟಗಲ ಬಲೆ ಬೋರ್ಡಿಗೆ ಅಂಟಿಕೊಂಡಿದ್ದರೆ ಗಾಳಿಯ ಎಳೆತವೆಲ್ಲ ಕ್ಲಾಂಪಿನ ಮೇಲೆ. ಎಲೆ ಸಿಕ್ಕಿಕೊಂಡು ಬಲೆಯ ಕಣ್ಣುಗಳು ಮುಚ್ಚಿದರೆ ಎಳೆತ ಇನ್ನೂ ಜಾಸ್ತಿ. ಮೊದಲ ಆಷಾಢದಲ್ಲೇ ಎಡಗಡೆ ತೋಳು ಸಡಿಲವಾಗಿ ರಾತ್ರಿಯೆಲ್ಲ ಬೋರ್ಡಿಗೆ ಬಡಿಯಿತು. ಬೋಲ್ಟುಗಳಿಗೆ ಆಗಲೇ ತುಕ್ಕು. ಹೊರಗೆ ಮಳೆಯಲ್ಲಿ ನಿಲ್ಲುವ ಸಾಮಾನಿಗೆ ಸ್ಟೇನ್‌ಲೆಸ್ ಬೋಲ್ಟ್ ಕೊಟ್ಟಿದ್ದರೆ ಎಷ್ಟು ದುಡ್ಡು ಹೆಚ್ಚಾಗುತ್ತಿತ್ತು? ಹಾರ್ಡ್‌ವೇರ್ ಅಂಗಡಿಯಲ್ಲಿ ಒಂದು ಸೆಟ್ ತಂದು ನಾನೇ ಬದಲಿಸಿದೆ. ಇನ್ನೂರು ರೂಪಾಯಿಯೂ ಆಗಲಿಲ್ಲ.

ಬೋಲ್ಟಿನದ್ದು ಹೋಗಲಿ. ಬಲೆಯದ್ದು ನನಗೆ ನಿಜಕ್ಕೂ ಸಿಟ್ಟು ತರಿಸಿತು. ಕಂಪನಿಯವರು ಕೊಟ್ಟದ್ದು ಬಿಳಿ ಬಲೆ. ಒಂದು ಬೇಸಿಗೆ ಕಳೆಯುವಷ್ಟರಲ್ಲಿ ಮೇಲಿನ ಅಂಚಿನ ದಾರ ಪುಡಿಪುಡಿಯಾಗಿ ಕೈಗೆ ಬರತೊಡಗಿತು. ಬಿಸಿಲಿನ ಅಲ್ಟ್ರಾವಯಲೆಟ್ ಕಿರಣ ಪ್ಲಾಸ್ಟಿಕ್ ದಾರವನ್ನು ಹೀಗೆ ತಿನ್ನುತ್ತದೆ. ಕಪ್ಪು ದಾರದಲ್ಲಿ ಕಾರ್ಬನ್ ಬ್ಲ್ಯಾಕ್ ಅನ್ನುವ ಮಸಿಯಂಥ ಪುಡಿ ಬೆರೆಸಿದ್ದರೆ ಅದು ಆ ಕಿರಣಗಳನ್ನು ತಾನೇ ಹೀರಿಕೊಂಡು ದಾರವನ್ನು ಉಳಿಸುತ್ತದೆ. ಹೊರಗೆ ಬಿಸಿಲಲ್ಲಿ ಹಾಕುವ ನೀರಿನ ಪೈಪು ಕಪ್ಪಗಿರುವುದೂ ಇದಕ್ಕೇ. ಇದು ಹೊಸ ವಿದ್ಯೆಯಲ್ಲ, ಬಲೆ ಮಾರುವವರಿಗೆ ಗೊತ್ತಿರಲೇಬೇಕು. ಫೋನ್ ಮಾಡಿ ಬಲೆ ಮಾತ್ರ ಕೊಡಿ ಅಂದೆ. ಬಿಡಿಯಾಗಿ ಕೊಡುವುದಿಲ್ಲ, ಪೂರ್ತಿ ಸೆಟ್ ತಗೊಳ್ಳಿ ಅಂದರು. ಕಬ್ಬಿಣದ ತೋಳು ಗಟ್ಟಿಯಾಗಿರುವಾಗ ಇನ್ನೊಂದು ಸಲ ಹನ್ನೊಂದು ಸಾವಿರ ಯಾಕೆ ಕೊಡಬೇಕು? ಸವೆಯುವ ಭಾಗವನ್ನು ಬಿಡಿಯಾಗಿ ಮಾರದ ಕಂಪನಿಗೆ ತನ್ನ ಸಾಮಾನು ಬಾಳಲಿ ಅನ್ನುವ ಆಸೆ ಇಲ್ಲ ಅಂತಲೇ ನಾನು ತಿಳಿಯುತ್ತೇನೆ.

ಕೊನೆಗೆ ದೇವರಾಜ ಮಾರ್ಕೆಟ್ ಕಡೆ ಹಗ್ಗ, ಬಲೆ ಮಾರುವ ಅಂಗಡಿಯಲ್ಲಿ ಕಪ್ಪು ಬಲೆ ಅಳತೆ ಕೊಟ್ಟು ಕತ್ತರಿಸಿ ತಂದೆ. ಕಣ್ಣಿನ ಅಗಲ ಎರಡು ಇಂಚು. ಅದಕ್ಕಿಂತ ಚಿಕ್ಕ ಕಣ್ಣಾದರೆ ಗಾಳಿಗೆ ತಡೆ ಜಾಸ್ತಿ, ಎಲೆಯೂ ಜಾಸ್ತಿ ನಿಲ್ಲುತ್ತದೆ. ಅಂಚಿಗೆ ದಪ್ಪ ಹಗ್ಗ ಪೋಣಿಸಿಕೊಟ್ಟರು. ಕಂಪನಿಯವರು ಕೊಟ್ಟಿದ್ದ ಎಲಾಸ್ಟಿಕ್ ಹುಕ್ಕುಗಳನ್ನು ಬಿಸಾಡಿ ಹಗ್ಗದ ಕುಣಿಕೆ ಹಾಕಿದೆ. ಗಾಳಿ ಜೋರಾದರೆ ಎರಡು ಕುಣಿಕೆ ಎಳೆದರೆ ಸಾಕು, ಇಡೀ ಬಲೆ ಕೆಳಗೆ ಇಳಿಯುತ್ತದೆ. ಈ ಆಷಾಢದಲ್ಲಿ ತೋಳು ಅಲುಗಲಿಲ್ಲ.

ರೀಬೌಂಡ್, ಅಂದರೆ ತಪ್ಪಿ ಪುಟಿದ ಚೆಂಡು ಹಿಡಿಯುವುದನ್ನು ಕಲಿಯಲು ಈ ಬಲೆ ಒಳ್ಳೆಯದಲ್ಲ. ಚೆಂಡು ಎತ್ತ ಪುಟಿಯುತ್ತದೆ ಅಂತ ಊಹಿಸಿ ಓಡುವುದು ಅರ್ಧ ಆಟ. ಇಲ್ಲಿ ಅದು ಸುಮ್ನೆ ನಡೆದುಕೊಂಡು ಬಂದು ಕೈ ಸೇರುತ್ತದೆ. ಅದಕ್ಕೇ ವಾರಕ್ಕೆರಡು ದಿನ ಕೆಳಗಿನ ಅಂಚು ಕಟ್ಟೇ ಇರುತ್ತದೆ. ಗೋಡೆಯ ಕೆಲಸ ಮಾತ್ರ ಬಲೆ ಮಾಡುತ್ತದೆ, ಉಳಿದದ್ದಕ್ಕೆ ಅವಳು ಓಡಬೇಕು.

ಇನ್ನೊಂದು ಹೇಳಲೇಬೇಕು. 1891ರಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡಿನಲ್ಲಿ ಜೇಮ್ಸ್ ನೈಸ್ಮಿತ್ ಈ ಆಟ ಶುರುಮಾಡಿದಾಗ ಬಾಲ್ಕನಿಗೆ ಪೀಚ್ ಹಣ್ಣಿನ ಬುಟ್ಟಿ ಮೊಳೆ ಹೊಡೆದು ಕೂರಿಸಿದ್ದರು, ಹಿಂದೆ ಬೋರ್ಡೇ ಇರಲಿಲ್ಲ. ಬಾಲ್ಕನಿಯಲ್ಲಿ ಕೂತವರು ಕೈ ಚಾಚಿ ಚೆಂಡು ತಡೆಯುತ್ತಿದ್ದರು ಅಂತ ಆಮೇಲೆ ಬೋರ್ಡ್ ಬಂತು. ಮೊದಮೊದಲಿನ ಬೋರ್ಡುಗಳು ತಂತಿ ಜಾಲರಿಯವು. ಬಲೆ ಕಟ್ಟುವುದು ಆಟಕ್ಕೆ ಮೋಸ ಅನ್ನುವ ಹಿರಿಯ ಆಟಗಾರರು ನಮ್ಮ ಬೀದಿಯಲ್ಲೂ ಇದ್ದಾರೆ, ಅವರಿಗೆ ನಾನು ಇದನ್ನೇ ಹೇಳುತ್ತೇನೆ.

ತೆಗೆದುಕೊಳ್ಳುವವರು ಮೊದಲು ನಿಮ್ಮ ಕಂಬ ನೋಡಿ. ತೆಳು ಪೈಪಿನ ಕಂಬ, ನೀರು ತುಂಬಿಸಿ ನಿಲ್ಲಿಸುವ ಗಾಲಿ ಸ್ಟ್ಯಾಂಡು ಆದರೆ ಬೇಡ, ಗಾಳಿಗೆ ಉರುಳಬಹುದು. ಕಾಂಕ್ರೀಟಿನಲ್ಲಿ ನೆಟ್ಟ ಗಟ್ಟಿ ಕಂಬವಿದ್ದು, ಹಿಂದೆ ರಸ್ತೆಯೋ ಮೋರಿಯೋ ಬೇರೆಯವರ ಮನೆಯೋ ಇದ್ದರೆ ಧಾರಾಳವಾಗಿ ಹಾಕಿ. ವೆಲ್ಡಿಂಗ್ ಮಾಡುವವರು ಪರಿಚಯ ಇದ್ದರೆ ತೋಳುಗಳನ್ನು ಅವರಿಂದಲೇ ಮಾಡಿಸಿ, ಬಲೆ ಮಾರ್ಕೆಟ್ಟಿನಿಂದ ತನ್ನಿ. ನನ್ನ ಲೆಕ್ಕದಲ್ಲಿ ಅರ್ಧಕ್ಕಿಂತ ಕಡಿಮೆಗೆ ಮುಗಿಯುತ್ತದೆ. ಐದು ಅಂಕಗಳಲ್ಲಿ ಬಲೆಯ ಉಪಯೋಗಕ್ಕೆ ಐದೂ ಕೊಡುತ್ತೇನೆ, ಇದನ್ನು ಮಾರಿದವರಿಗೆ ಎರಡು.