ಬಿದಿರಿನ ಭರ್ಜಿ, ರಬ್ಬರ್ ಮೂತಿಯ ಜಾವೆಲಿನ್, ಟೆನಿಸ್ ಬಾಲ್: ಚಿಕ್ಕ ಮಕ್ಕಳ ಕೈಗೆ ಯಾವುದು?

ಮೊದಲೇ ಹೇಳಿಬಿಡುತ್ತೇನೆ. ನಾಲ್ಕರಿಂದ ಏಳನೇ ಕ್ಲಾಸಿನ ಮಕ್ಕಳಿಗೆ ಭರ್ಜಿ ಎಸೆತ ಕಲಿಸುವುದಾದರೆ ನನ್ನ ಓಟು ರಬ್ಬರ್ ಮೂತಿಯ ಪ್ಲಾಸ್ಟಿಕ್ ಜಾವೆಲಿನ್‌ಗೆ. ಆದರೆ ನಾನು ಮೊದಲು ದುಡ್ಡು ಹಾಕಿದ್ದು ಅದಕ್ಕಲ್ಲ.

2025ರ ಜುಲೈ 5ರಂದು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ನೀರಜ್ ಚೋಪ್ರಾ 86.18 ಮೀಟರ್ ಎಸೆದು ಗೆದ್ದರು. ಸೋಮವಾರ ಶಾಲೆಗೆ ಬಂದರೆ ನಮ್ಮ ಮಕ್ಕಳು ಜೋಳದ ದಂಟು, ಬೇಲಿ ಕೋಲು, ಕೈಗೆ ಸಿಕ್ಕಿದ್ದನ್ನೆಲ್ಲ ಎಸೆಯುತ್ತಿದ್ದರು. "ಮಿಸ್, ನಮಗೂ ಕಲಿಸಿ" ಅಂತ ಸುತ್ತ ನಿಂತರು. ಆ ವಾರವೇ ಪೇಟೆಗೆ ಹೋಗಿ ಕಬ್ಬಿಣದ ಮೊನೆ ಇರುವ ಎರಡು ಬಿದಿರಿನ ಭರ್ಜಿ ತಂದೆ. ನೋಡಲು ನಿಜವಾದ ಭರ್ಜಿಯಂತೆಯೇ ಇದ್ದವು. ಬೆಲೆಯೂ ಕಡಿಮೆ.

ತೊಂದರೆ ಇದ್ದದ್ದು ಬಾಲದಲ್ಲಿ. ದೊಡ್ಡ ಹೆಂಗಸರ ಸ್ಪರ್ಧೆಯ ಜಾವೆಲಿನ್ 600 ಗ್ರಾಂ ತೂಗುತ್ತದೆ, ಉದ್ದ 2.2 ಮೀಟರಿಗೆ ಕಡಿಮೆ ಇರುವಂತಿಲ್ಲ. ನಾನು ತಂದದ್ದೂ ಹೆಚ್ಚುಕಡಿಮೆ ಅಷ್ಟೇ ಉದ್ದ. ನಾಲ್ಕನೇ ಕ್ಲಾಸಿನ ಮಗು ಅದರ ಎದುರು ನಿಂತರೆ ಭರ್ಜಿಯೇ ಎತ್ತರ. ಕೈ ಹಿಂದಕ್ಕೆ ಎಳೆದ ಕೂಡಲೇ ಮೊನೆ ಆಕಾಶಕ್ಕೆ ಏಳುತ್ತದೆ, ಬಾಲ ನೆಲಕ್ಕೆ ತಾಗುತ್ತದೆ. ತಾಗಬಾರದು ಅಂತ ಮಕ್ಕಳು ತಾವೇ ಒಂದು ದಾರಿ ಹುಡುಕಿಕೊಂಡರು. ಕೈಯನ್ನು ಪಕ್ಕಕ್ಕೆ ಹರಡಿ, ಕೆರೆಗೆ ಕಲ್ಲು ಬೀಸಿದ ಹಾಗೆ ಬೀಸತೊಡಗಿದರು. ಮೊಣಕೈ ಭುಜಕ್ಕಿಂತ ಕೆಳಗೆ ಇಳಿಯಿತು. ಭರ್ಜಿ ಎಸೆತದಲ್ಲಿ ಮೊಣಕೈ ನೋವಿಗೆ ಹಾದಿ ಮಾಡಿಕೊಡುವ ತಪ್ಪು ಇದೇ. ನಾನು ಎಷ್ಟು ಸಲ "ಮೊಣಕೈ ಮೇಲೆ, ಮೇಲೆ" ಅಂದರೂ ಪ್ರಯೋಜನ ಆಗಲಿಲ್ಲ. ಅಷ್ಟುದ್ದದ ಕೋಲನ್ನು ಅಷ್ಟು ಸಣ್ಣ ಮೈ ಬೇರೆ ಹೇಗೆ ಎಸೆಯಬೇಕು, ಹೇಳಿ?

ಬಾಲ ಕತ್ತರಿಸಿದರೆ ಆಯಿತಲ್ಲ ಅಂದುಕೊಂಡೆ. ಒಂದನ್ನು ಗರಗಸದಲ್ಲಿ ಒಂದು ಮೊಳ ಕುಯ್ದೆ. ಆಗ ತೂಕವೆಲ್ಲ ಮುಂದಕ್ಕೆ ಸರಿಯಿತು. ಹಗ್ಗ ಸುತ್ತಿದ ಹಿಡಿ ಇದ್ದಲ್ಲೇ ಇತ್ತು, ತೂಕ ನಿಲ್ಲುವ ಜಾಗ ಮಾತ್ರ ಬೇರೆಯಾಯಿತು. ಎಸೆದರೆ ಮೂರು ಮಾರು ಹೋಗಿ ಮೂಗು ಕೆಳಗೆ ಹಾಕುತ್ತಿತ್ತು. ಕುಯ್ದ ತುದಿ ಎರಡೇ ದಿನದಲ್ಲಿ ಸೀಳು ಬಿಟ್ಟಿತು, ಒಬ್ಬಳ ಅಂಗೈಗೆ ಸಿಬುರು ಹೊಕ್ಕಿತು.

ಆಗಸ್ಟ್‌ನಲ್ಲಿ ಮಳೆಯಾಗಿ ನೆಲ ಮೆತ್ತಗಿದ್ದಾಗ ಮೊನೆ ಚೆನ್ನಾಗಿ ನಾಟುತ್ತಿತ್ತು. ಡಿಸೆಂಬರ್ ಹೊತ್ತಿಗೆ ಮೈದಾನ ಬಂಡೆ ಆಯಿತು. ಭರ್ಜಿ ನಾಟದೆ ನೆಲದ ಮೇಲೆ ಸರ್ರನೆ ಜಾರಿತು, ಅದೂ ಗೆರೆ ಬಿಟ್ಟು ಪಕ್ಕಕ್ಕೆ. ಅಲ್ಲಿ ಯಾರೂ ಇರಲಿಲ್ಲ. ಅವತ್ತೇ ಎರಡನ್ನೂ ಕೋಣೆಗೆ ಹಾಕಿ ಬೀಗ ಹಾಕಿದೆ.

ಟೆನಿಸ್ ಬಾಲ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅಗ್ಗ, ಎಲ್ಲರಿಗೂ ಒಂದೊಂದು ಕೊಡಬಹುದು, ಮೊಣಕೈ ಮೇಲೆತ್ತಿ ಎಸೆಯುವ ಅಭ್ಯಾಸ ಬೇಗ ಬರುತ್ತದೆ. ಆದರೆ ಬಾಲಿಗೆ ಮೂತಿ ಬಾಲ ಇಲ್ಲ. ನೇರ ಹೋಯಿತೋ ಓರೆಯಾಯಿತೋ ಮಗುವಿಗೆ ಗೊತ್ತಾಗುವುದೇ ಇಲ್ಲ.

ರಬ್ಬರ್ ಮೂತಿಯದು ಗೊತ್ತಾಗಿಸುತ್ತದೆ. ನಮ್ಮದು 300 ಗ್ರಾಂ. ಉದ್ದ ನನ್ನ ತೋಳಿಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಹಿಂದೆ ಬಾಣಕ್ಕಿರುವಂಥ ರೆಕ್ಕೆಗಳು. ಓರೆ ಎಸೆದರೆ ಗಾಳಿಯಲ್ಲೇ ನಡುಗುತ್ತದೆ. ಸರಿಯಾಗಿ ಎಸೆದರೆ ತಣ್ಣಗೆ ಹೋಗಿ ಮೂತಿ ಮೊದಲು ಇಳಿಯುತ್ತದೆ. ಎಡಗಾಲು ಮುಂದೆ, ಅಂಗೈ ಆಕಾಶ ನೋಡಬೇಕು, ಕೈ ಕಿವಿಯ ಪಕ್ಕದಲ್ಲೇ ಹಾಯಬೇಕು. ನಾನು ಹೇಳಿದ್ದು ಇಷ್ಟೇ. ಓಟ ಬೇಡ, ನಿಂತಲ್ಲಿಂದಲೇ. ಐದಾರು ಮೀಟರ್ ಮುಂದೆ ಹಳೇ ಸೈಕಲ್ ಟೈರ್ ಇಟ್ಟು ಅದರೊಳಗೆ ಬೀಳಿಸಿ ಅಂದೆ. ಬಿದಿರಿನಲ್ಲಿ ತಿಂಗಳುಗಟ್ಟಲೆ ಸರಿಹೋಗದ ಮೊಣಕೈ ಒಂದೇ ವಾರದಲ್ಲಿ ಮೇಲೆ ಬಂತು. ನನಗೆ ಕಣ್ಣು ತುಂಬಿ ಬಂತು, ನಿಜವಾಗಿ.

ಇದಕ್ಕೂ ಒಂದು ಕೊರತೆ ಇದೆ. ನಾಟುವುದಿಲ್ಲ, ಪುಟಿಯುತ್ತದೆ. "ನಂದು ಅಲ್ಲಿ ಬಿತ್ತು, ಇಲ್ಲಿ ಬಿತ್ತು" ಅಂತ ದಿನಾ ಜಗಳ. ಈಗ ಮೂತಿಗೆ ಚಾಕ್‌ಪುಡಿ ಒತ್ತಿ ಕೊಡುತ್ತೇನೆ, ಬಿದ್ದ ಜಾಗದಲ್ಲಿ ಬಿಳಿ ಗುರುತು ಉಳಿಯುತ್ತದೆ. ಅಳತೆ ಪಟ್ಟಿ ಹಿಡಿಯುವುದೂ ಮಕ್ಕಳೇ.

ಬೆಲೆ ಬಿದಿರಿಗಿಂತ ಜಾಸ್ತಿ. ಹಾಗಾಗಿ ನಾಲ್ಕೇ ತರಿಸಿದ್ದು. ನನ್ನ ಕ್ಲಾಸಿನಲ್ಲಿ 38 ಮಕ್ಕಳು, ಪೀರಿಯಡ್ 40 ನಿಮಿಷ. ಮೊದಲ ಎರಡು ವಾರ ಎಲ್ಲರಿಗೂ ಟೆನಿಸ್ ಬಾಲ್, ಆಮೇಲೆ ನಾಲ್ಕು ಸಾಲು ಮಾಡಿ ಜಾವೆಲಿನ್. ಮೊದಲ ಸೀಟಿಗೆ ಎಲ್ಲರೂ ಎಸೆಯಬೇಕು, ಎರಡನೇ ಸೀಟಿಗೆ ಎಲ್ಲರೂ ಹೋಗಿ ತರಬೇಕು. ಮೂತಿ ರಬ್ಬರಿನದೇ ಆದರೂ ಈ ನಿಯಮ ನಾನು ಬಿಡುವುದಿಲ್ಲ. ನಾಳೆ ಹೈಸ್ಕೂಲಿನಲ್ಲಿ ಇವರ ಕೈಗೆ ಕಬ್ಬಿಣದ ಮೊನೆ ಬರುತ್ತದೆ ಅಲ್ವಾ?

ನಿಮ್ಮಲ್ಲಿ ಹದಿನೈದು ಮಕ್ಕಳಷ್ಟೇ ಇದ್ದರೆ ಎರಡು ಸಾಕು. ಒಂದಕ್ಕೂ ದುಡ್ಡಿಲ್ಲ ಅಂದರೆ ಬಾಲಿನಲ್ಲೇ ಈ ವರ್ಷ ಕಳೆಯಿರಿ, ಅಗ್ಗ ಅಂತ ಬಿದಿರಿಗೆ ಹೋಗಬೇಡಿ. ಕುಯ್ಯದೆ ಉಳಿದ ಆ ಒಂದನ್ನು ಪಕ್ಕದ ಹೈಸ್ಕೂಲಿಗೆ ಕೊಟ್ಟೆ. ಅಲ್ಲಿ ಹತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಅದನ್ನು ಚೆನ್ನಾಗಿ ಎಸೆಯುತ್ತಿದ್ದಾಳೆ.