ಸ್ನೋ ಬೀಳೋ ಊರಲ್ಲಿ ವಿಂಟರ್ ಟೈರ್: ಒಂದು ಸೀಸನ್ ಪೂರ್ತಿ ಓಡಿಸಿ ಬರೀತಿದೀನಿ

ಸ್ನೋ ಬೀಳೋ ಜಾಗಕ್ಕೆ ಹೊಸದಾಗಿ ಬಂದು, ಜಾಕೆಟ್ಟು ಬೂಟು ಗ್ಲೌಸು ಎಲ್ಲಾ ತಗೊಂಡು, ಕಾರಿನ ಟೈರ್ ಬಗ್ಗೆ ಮಾತ್ರ "ಮೊದಲು ಸ್ನೋ ಬೀಳ್ಲಿ, ಆಮೇಲೆ ನೋಡೋಣ" ಅಂತ ಕೂತಿರೋರು ದಯವಿಟ್ಟು ಇದನ್ನ ಓದಿ. ನಾನೂ ಹಾಗೇ ಕೂತಿದ್ದೆ. ನಮ್ದು ಆಲ್ ವೀಲ್ ಡ್ರೈವ್ ಗಾಡಿ, ಅಂದ್ರೆ ನಾಲ್ಕೂ ಚಕ್ರಕ್ಕೂ ಎಂಜಿನ್ ಶಕ್ತಿ ಹೋಗುತ್ತೆ, ಟೈರ್ ಮೇಲೆ ಎಂ ಪ್ಲಸ್ ಎಸ್ (ಮಡ್ ಅಂಡ್ ಸ್ನೋ, ಕೆಸರು ಮತ್ತು ಸ್ನೋ) ಅಂತ ಬೇರೆ ಇತ್ತು, ಇಷ್ಟು ಸಾಕು ಅನ್ಕೊಂಡಿದ್ದೆ.

ಮೊದಲ್ನೇ ಸ್ನೋ ಬಿದ್ದ ದಿನ ಮನೆ ಹತ್ರದ ಇಳಿಜಾರಲ್ಲಿ ಬರ್ತಿದ್ದೆ, ಸ್ಪೀಡು 30 ಕೂಡ ಇರ್ಲಿಲ್ಲ, ಸ್ಟಾಪ್ ಲೈನ್ ಹತ್ರ ಬ್ರೇಕ್ ಒತ್ತಿದ್ರೆ ಪೆಡಲ್ ಕಾಲಡಿ ಗಡಗಡ ನಡುಗ್ತಿದೆ, ಗಾಡಿ ಮಾತ್ರ ನಿಲ್ತಾನೇ ಇಲ್ಲ, ಮೆಲ್ಲಗೆ ಜಾರ್ಕೊಂಡು ಲೈನ್ ದಾಟಿ ಅರ್ಧ ರಸ್ತೆಗೆ ಹೋಗಿ ನಿಂತ್ಕೊಳ್ತು. ಹಿಂದೆ ಸೀಟಲ್ಲಿ ಮಗು. ಅಡ್ಡ ಯಾರೂ ಬರ್ಲಿಲ್ಲ, ಅದೇ ಪುಣ್ಯ. ಪೆಡಲ್ ನಡುಗಿದ್ರೆ ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂಗೆ ತಡೆಯೋ ವ್ಯವಸ್ಥೆ) ಕೆಲಸ ಮಾಡ್ತಿದೆ ಅಂತ ಅರ್ಥ, ಆಗ ಹೆದರಿ ಕಾಲು ತೆಗೀಬಾರ್ದು, ಒತ್ತೇ ಹಿಡೀಬೇಕು. ಆದ್ರೆ ಏನೇ ಇದ್ರೂ ಕೊನೆಗೆ ರಸ್ತೆ ಹಿಡಿಯೋದು ಟೈರೇ. ಆಲ್ ವೀಲ್ ಡ್ರೈವ್ ಇರೋದು ಗಾಡಿ ಹೊರಡಿಸೋಕೆ, ನಿಲ್ಲಿಸೋಕಲ್ಲ. ಇದನ್ನ ನನಗೆ ಯಾರಾದ್ರೂ ಮೊದಲೇ ಹೇಳಿದ್ರೆ ಎಷ್ಟು ಚೆನ್ನಾಗಿತ್ತು!

ಅದೇ ವಾರ ನಾಲ್ಕೂ ಚಕ್ರಕ್ಕೆ ವಿಂಟರ್ ಟೈರ್ ಹಾಕಿಸ್ದೆ. ತಗೊಳೋವಾಗ ಸೈಡಲ್ಲಿ ಮೂರು ಶಿಖರದ ಬೆಟ್ಟ, ಅದರೊಳಗೆ ಹಿಮದ ಹರಳು ಇರೋ ಗುರುತು ಇದೆಯಾ ನೋಡಿ. ಆ ಗುರುತು ಬೇಕಂದ್ರೆ ಟೈರು ಸ್ನೋ ಮೇಲೆ ಟೆಸ್ಟ್ ಪಾಸಾಗ್ಬೇಕು. ಬರೀ ಎಂ ಪ್ಲಸ್ ಎಸ್ ಅಂತಿದ್ರೆ ಅಂಥ ಟೆಸ್ಟ್ ಆಗಿದೆ ಅಂತೇನಿಲ್ಲ. ಸಾದಾ ಟೈರಿನ ರಬ್ಬರ್ ಸುಮಾರು 7 ಡಿಗ್ರಿಗಿಂತ ಕೆಳಗೆ ಹೋದ್ರೆ ಗಟ್ಟಿಯಾಗ್ತಾ ಹೋಗುತ್ತೆ, ವಿಂಟರ್ ಟೈರಿಂದು ಮೆತ್ತಗೇ ಇರುತ್ತೆ. ಕೊರೆಯೋ ಚಳಿಲಿ ಒಂದಿನ ಎರಡಕ್ಕೂ ಉಗುರು ಒತ್ತಿ ನೋಡ್ದೆ, ಹಳೇದ್ರಲ್ಲಿ ಉಗುರೇ ಇಳೀಲಿಲ್ಲ, ಹೊಸದ್ರಲ್ಲಿ ಸಲೀಸಾಗಿ ಗುರುತು ಬಿತ್ತು. ಮೇಲೆಲ್ಲಾ ಬ್ಲೇಡಲ್ಲಿ ಗೀರಿದಂಗೆ ಸಣ್ಣ ಸಣ್ಣ ಸೀಳುಗಳಿವೆ, ಸ್ನೋ ಮೇಲೆ ಕಚ್ಚಿ ಹಿಡಿಯೋದು ಅವೇ. ಅದೇ ಇಳಿಜಾರಲ್ಲಿ, ಅಷ್ಟೇ ಸ್ನೋದಲ್ಲಿ ಈಗ ಲೈನಿಗೆ ಮುಂಚೆನೇ ನಿಲ್ಲುತ್ತೆ. ನನಗೆ ಇಷ್ಟು ಸಾಕು.

ಕೊರತೆಗಳೂ ಇವೆ. ಒಣ ರಸ್ತೇಲಿ ಗುಂಯ್ ಅನ್ನೋ ಸದ್ದು ಜಾಸ್ತಿ, ಸ್ಟೀರಿಂಗ್ ತಿರುಗಿಸಿದ್ರೆ ಸ್ವಲ್ಪ ಮೆತ್ತಗೆ ತಿರುಗಿದಂಗಿರುತ್ತೆ, ಬಿಸಿಲು ಕಾಲಕ್ಕೂ ಬಿಟ್ರೆ ಬೇಗ ಸವೆಯುತ್ತೆ, ಅದಕ್ಕೆ ಚಳಿ ಮುಗಿದ್ಮೇಲೆ ಬಿಚ್ಚಿಸ್ಲೇಬೇಕು. ಬರೀ ಮಂಜುಗಡ್ಡೆ ಮೇಲೆ ಇದೂ ಜಾರುತ್ತೆ, ಸೇತುವೆಗಳ ಮೇಲೆ ಕೆಳಗಿಂದಾನೂ ತಣ್ಣನೆ ಗಾಳಿ ಹೊಡಿಯೋದ್ರಿಂದ ರಸ್ತೆಗಿಂತ ಮೊದ್ಲೇ ಹೆಪ್ಪುಗಟ್ಟುತ್ತೆ, ಅಲ್ಲಿ ನಾನು ಮೊದಲೇ ಸ್ಪೀಡು ಇಳಿಸಿ ಬ್ರೇಕ್ ಮುಟ್ಟದೆ ದಾಟ್ತೀನಿ.

ಹಾಕಿಸಿದ ಅಂಗಡಿ ಬಗ್ಗೆ ನಂಗೆ ಬೇಜಾರಿದೆ. ಈ ಟೈರ್ ಯಾವ ಕಡೆ ಉರುಳ್ಬೇಕು ಅಂತ ಸೈಡಲ್ಲಿ ಬಾಣದ ಗುರುತಿರುತ್ತೆ, ಒಂದನ್ನ ಉಲ್ಟಾ ಹಾಕಿ ಕಳ್ಸಿದ್ರು! ಪಾರ್ಕಿಂಗಲ್ಲಿ ಒಂದ್ ಸುತ್ತು ಹಾಕಿ ನೋಡಿದ್ದಕ್ಕೆ ಗೊತ್ತಾಯ್ತು, ವಾಪಸ್ ಹೋಗಿ ಸರಿ ಮಾಡಿಸ್ದೆ. ನೀವೂ ಅಲ್ಲಿಂದ ಹೊರಡೋ ಮುಂಚೆ ನಾಲ್ಕೂ ಬಾಣ ನೋಡ್ಕೊಳಿ, ಸುಮಾರು 100 ಕಿಲೋಮೀಟರ್ ಓಡಿಸಿದ್ಮೇಲೆ ನಟ್‌ಗಳನ್ನ ಇನ್ನೊಂದ್ಸಲ ಟೈಟ್ ಮಾಡಿಸಿ. ಟೆಂಪರೇಚರ್ ಇಳಿದಂಗೆ ಟೈರಿನ ಗಾಳಿ ಒತ್ತಡನೂ ಇಳಿಯುತ್ತೆ, 5-6 ಡಿಗ್ರಿ ಇಳಿದ್ರೆ ಹತ್ರ ಹತ್ರ ಒಂದು ಪಿಎಸ್ಐ (ಗಾಳಿ ಒತ್ತಡದ ಅಳತೆ), ಅದಕ್ಕೆ ಬೆಳಗ್ಗೆ ಗಾಡಿ ತಣ್ಣಗಿದ್ದಾಗ್ಲೇ ಚೆಕ್ ಮಾಡ್ತೀನಿ.

ಟೈರ್ ಜೊತೆಗೇ ಬ್ಯಾಟರಿನೂ ಟೆಸ್ಟ್ ಮಾಡಿಸ್ದೆ, ಕಡು ಚಳಿಲಿ ಹಳೇ ಬ್ಯಾಟರಿ ಕೈ ಕೊಡೋದು ಗ್ಯಾರಂಟಿ. ವಾಷರ್‌ಗೆ ನೀರು ಹಾಕ್ಬೇಡಿ, ಹೆಪ್ಪುಗಟ್ಟಿ ಪೈಪ್ ಒಡೆಯುತ್ತೆ, ಚಳಿಗೆ ಅಂತಾನೇ ಇರೋ ಲಿಕ್ವಿಡ್ ಹಾಕಿ. ಗಾಜಿನ ಮೇಲೆ ಬಿಸಿನೀರಂತೂ ಬೇಡ್ವೇ ಬೇಡ. ಮತ್ತೆ ಇದನ್ನ ಮರೀಬೇಡಿ, ಸ್ನೋದಲ್ಲಿ ಸಿಕ್ಕಾಕೊಂಡು ಎಂಜಿನ್ ಆನ್ ಇಟ್ಕೊಂಡು ಕೂರೋದಾದ್ರೆ ಮೊದಲು ಇಳಿದು ಸೈಲೆನ್ಸರ್ ಬಾಯಿ ಸುತ್ತ ಇರೋ ಸ್ನೋ ತೆಗೀರಿ, ಅದು ಮುಚ್ಕೊಂಡ್ರೆ ಕಾರ್ಬನ್ ಮಾನಾಕ್ಸೈಡ್ ಒಳಗೆ ಬರುತ್ತೆ, ವಾಸನೆನೂ ಇರಲ್ಲ, ಜೀವಕ್ಕೇ ಅಪಾಯ.

ಒಂದು ಸೀಸನ್ ಆದ್ಮೇಲೆ ಅಳೆದು ನೋಡಿದ್ರೆ ಟೈರ್ ಮೇಲಿನ ಗಾಡಿಗಳ (ಗ್ರೂವ್) ಆಳ ಇನ್ನೂ 7 ಮಿಲಿಮೀಟರ್ ಇದೆ, 4ಕ್ಕೆ ಇಳಿದ್ರೆ ಸ್ನೋದಲ್ಲಿ ಹಿಡಿತ ಹೋಗುತ್ತೆ ಅಂತಾರೆ, ಆಗ ಬದಲಾಯಿಸ್ತೀನಿ. ಈ ಸಲ ಮಾತ್ರ ಸ್ನೋಗೆ ಕಾಯಲ್ಲ, ಬೆಳಗ್ಗೆ ಹೊತ್ತು 7 ಡಿಗ್ರಿ ತೋರಿಸೋಕೆ ಶುರುವಾದ ವಾರಾನೇ ಹಾಕಿಸ್ತೀನಿ, ಮೊದಲ ಸ್ನೋ ಬಿದ್ದ ದಿನ ಎಲ್ಲರೂ ಒಟ್ಟಿಗೇ ಓಡ್ತಾರೆ, ಅಪಾಯಿಂಟ್ಮೆಂಟೇ ಸಿಗಲ್ಲ.